ಬಟನ್ ಇಲ್ಲದ ಫೋನು

ಶಾರ್ಜಾದಿಂದ ರಜೆಗೆ ಊರಿಗೆ ಬಂದ ಶಾಫಿ, ಶಿರ್ತಾಡಿಯಲ್ಲಿ ಬಸ್ಸಿಳಿದವನು ಓಡುನಡಿಗೆಯಲ್ಲಿ ಗುರುವಪ್ಪನ ಅಂಗಳಕ್ಕೆ ಬಂದು, ಕಿಸೆಯಿಂದ ಫೋನು ತೆಗೆದು ಜಗಲಿಯ ಮೇಲೆ ಇಟ್ಟೇಬಿಟ್ಟ. "ತೆಕ್ಕೊಳ್ಳಿ ಗುರುವಪ್ಪಣ್ಣ. ನಂಬರ್ ಒತ್ತುವ ಬಟನ್ ಒಂದಾದರೂ ಇದ್ದರೆ ತೋರಿಸಿ!"

ಇಬ್ಬರೂ ಮುಖ ನೋಡಿದ್ದು ಇದೇ ಮೊದಲು. ಜಗಳಕ್ಕೆ ಮಾತ್ರ ಒಂದೂವರೆ ವರ್ಷವಾಗಿತ್ತು. ಗುರುವಪ್ಪ ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಟೈಂ ಕೀಪರ್. ತಡವಾಗಿ ಬಂದ ಬಸ್ಸುಗಳಿಗೆ ಪೀಪಿ ಊದಿ ಬಾಯಿ ಮಾಡುವುದೇ ಉದ್ಯೋಗ. ಮಧ್ಯಾಹ್ನ ಊಟದ ಹೊತ್ತಿಗೆ ಹಾರಿಸ್ ಎಂಬ ಹುಡುಗನ ಇಂಟರ್ನೆಟ್ ಸೈಬರ್‌ಗೆ ಹೋಗಿ ಅಲ್ಲಿಯೂ ಅದನ್ನೇ ಮಾಡುತ್ತಿದ್ದ. ಊರಿನವರದೇ ಒಂದು ಹರಟೆಯ ಗುಂಪು ಇಂಟರ್ನೆಟ್ಟಿನಲ್ಲಿತ್ತು. ಬಂಟ್ವಾಳದಿಂದ ಶಾರ್ಜಾದವರೆಗೆ ನಾನೂರು ಜನ. ಅಲ್ಲಿಗೆ ಯಾರೋ ಬಟನ್ ಇಲ್ಲದ ಫೋನಿನ ಸುದ್ದಿ ತಂದು ಹಾಕಿದ ದಿನವೇ ಗುರುವಪ್ಪ ಬರೆದಿದ್ದ: 'ಬಟನ್ ಇಲ್ಲದ ಫೋನು ಎಂದರೆ ಬಾಗಿಲಿಲ್ಲದ ಬಸ್ಸು. ಕಂಡಕ್ಟರ್ ನೇತಾಡುವುದು ಎಲ್ಲಿ?'

ಮತ್ತೆ ಕೇಳಬೇಕೆ! 'ಕಿಸೆಗೆ ಕೈ ಹಾಕಿ ನೋಡದೆಯೇ ಮಿಸ್ಡ್ ಕಾಲ್ ಕೊಡುವವರು ನಾವು, ನಮ್ಮ ಗತಿ ಏನು?' ಎಂದು ವಿಟ್ಲದಿಂದ ಒಬ್ಬ. 'ಮೀನು ಸಾರಿನ ಕೈಯಲ್ಲಿ ಮುಟ್ಟಿದರೆ ಫೋನು ಬೆಕ್ಕಿನ ಪಾಲು' ಎಂದು ಬೆಳ್ತಂಗಡಿಯ ಇನ್ನೊಬ್ಬ. ಶಾರ್ಜಾದಲ್ಲಿ ಮೊಬೈಲ್ ಅಂಗಡಿಯ ಸೇಲ್ಸ್‌ಮನ್ ಆಗಿದ್ದ ಕನ್ಯಾನದ ಶಾಫಿ ಒಬ್ಬನೇ ಇಷ್ಟು ಜನರನ್ನು ಎದುರಿಸಿ ನಿಂತ. 'ಇದಕ್ಕೆ ಓದು ಬರಹ ಏನೂ ಬೇಡ. ಬೆರಳಿದ್ದವರೆಲ್ಲ ನಡೆಸುವ ಫೋನು ಇದು' ಎಂದು ಬರೆದ. ಗುರುವಪ್ಪನಿಗೆ ಪಿತ್ತ ನೆತ್ತಿಗೇರಿ, 'ಹಾಗಾದರೆ ನನ್ನ ಹೆಂಡತಿಯ ಕೈಯಲ್ಲಿ ನಡೆಸಿ ತೋರಿಸು' ಎಂದು ಸವಾಲು ಹಾಕಿದ. ಪಂಥ ಏನೆಂದರೆ, ಸೋತವನು 'ಸೋತೆ' ಎಂದು ಗುಂಪಿನಲ್ಲಿ ಬರೆದು, ಆಮೇಲೆ ಒಂದು ವರ್ಷ ಅಲ್ಲಿ ಒಂದಕ್ಷರ ಆಡಬಾರದು. ಗುರುವಪ್ಪನಿಗೆ ಒಂದು ವರ್ಷ ಊಟ ಬಿಡು ಎಂದಿದ್ದರೂ ಅಷ್ಟು ಹೆದರುತ್ತಿರಲಿಲ್ಲ.

ನಾನೂರು ಜನರಿಗೆ ಗೊತ್ತಿದ್ದ ಈ ಸಂಗತಿ ಹೆಂಡತಿ ಅಮ್ಮಣಿಗೆ ಗೊತ್ತಾದದ್ದು ಈಗಲೇ. ಅವಳು ಜಗಲಿಯ ಕಂಬಕ್ಕೆ ಒರಗಿ, ಮಡಿಲಲ್ಲಿ ಗೆರಸೆ ಇಟ್ಟು ಬೀಡಿ ಕಟ್ಟುತ್ತಿದ್ದಳು.

"ನನ್ನನ್ನು ಯಾಕೆ ಎಳೆದದ್ದು ನೀವು? ನಾಳೆ ಬೆಳಿಗ್ಗೆ ಬೀಡಿ ಕೊಡ್ಲಿಕ್ಕುಂಟು."

"ಒಂದೇ ನಿಮಿಷ ಅಮ್ಮಣಿಯಕ್ಕ," ಶಾಫಿ ಅಂಕೆಗಳನ್ನು ಬರಿಸಿ ಫೋನನ್ನು ಅವಳ ಮುಂದೆ ಹಿಡಿದ. "ಸೈಬರ್‌ನಲ್ಲಿ ಹಾರಿಸ್ ಕಂಪ್ಯೂಟರ್ ಎದುರು ಕಾಯ್ತಾ ಇದ್ದಾನೆ. ಅವನ ನಂಬರ್ ನಾನು ಹೇಳ್ತೇನೆ, ಇಲ್ಲಿ ಕಾಣುವ ಅಂಕೆಯನ್ನು ನೀವು ಮೆಲ್ಲ ಮುಟ್ಟಿದರೆ ಆಯ್ತು. ಮೊದಲು ಒಂಬತ್ತು."

ಅಮ್ಮಣಿ ತೋರುಬೆರಳಿನಿಂದ ಒಂಬತ್ತನ್ನು ಮುಟ್ಟಿದಳು. ಏನೂ ಆಗಲಿಲ್ಲ. ಒತ್ತಿದಳು. ಆಗಲಿಲ್ಲ. ಹೆಬ್ಬೆರಳು, ನಡುಬೆರಳು, ಎಡಗೈ. ಯಾವುದಕ್ಕೂ ಫೋನು ಜಪ್ಪಯ್ಯ ಎನ್ನಲಿಲ್ಲ.

"ಸೋತೆ ಮಾರಾಯ, ನೀನು ಸೋತೆ!" ಗುರುವಪ್ಪ ಅಂಗಳದಲ್ಲೇ ಕುಣಿದ.

"ನಿಲ್ಲಿ, ನಿಲ್ಲಿ! ಹೊಗೆಸೊಪ್ಪಿನ ಹುಡಿ ಇರಬೇಕು," ಎಂದು ಶಾಫಿ ಅವಳ ಕೈ ಸೋಪು ಹಾಕಿ ತೊಳೆಸಿದ, ಕರ್ಚೀಫಿನಲ್ಲಿ ಫೋನು ಒರೆಸಿದ. ಆದರೂ ಇಲ್ಲ. ಅವನ ಮುಖ ಸಣ್ಣದಾಯಿತು. ತಾನೇ ಮುಟ್ಟಿ ನೋಡಿದ, ಒಂಬತ್ತು ಪಟ್ಟನೆ ಮೂಡಿತು. "ನೀವು ಮುಟ್ಟಿ ನೋಡುವ, ಗುರುವಪ್ಪಣ್ಣ."

ಗುರುವಪ್ಪ ಗೆದ್ದ ಉಮೇದಿನಲ್ಲಿ ಬೆರಳು ಚಾಚಿದ. ತಾಗಿತೋ ಇಲ್ಲವೋ ಎನ್ನುವಷ್ಟರಲ್ಲಿ ಇನ್ನೊಂದು ಒಂಬತ್ತು! ಬಿಸಿ ಕಾವಲಿ ಮುಟ್ಟಿದವನ ಹಾಗೆ ಕೈ ಹಿಂದಕ್ಕೆಳೆದು, "ನನ್ನದು ಲೆಕ್ಕಕ್ಕಿಲ್ಲ, ಪಂಥ ಇವಳ ಕೈಯದ್ದು," ಎಂದ. ಪೆನ್ನು ಮತ್ತು ಪೀಪಿ ಬಿಟ್ಟು ಬೇರೇನೂ ಹಿಡಿಯದ ಆ ಬೆರಳು ನಿಜಕ್ಕೂ ಬೆಣ್ಣೆಯಂತಿತ್ತು.

ಅಮ್ಮಣಿ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ಒಂದೊಂದೇ ಬೆರಳನ್ನು ನೋಡಿದಳು. ಇಪ್ಪತ್ತಾರು ವರ್ಷ ಎಲೆ ಮಡಚಿ, ನೂಲು ಸುತ್ತಿ, ದುಡಿದ ಬೆರಳುಗಳ ತುದಿಯೆಲ್ಲ ಜಡ್ಡುಗಟ್ಟಿ ಗೆರೆಗಳೇ ಅಳಿಸಿಹೋಗಿದ್ದವು. ಆಮೇಲೆ ಬಲಗೈಯ ಕಿರುಬೆರಳು ಚಾಚಿ, ಸುಮ್ಮನೆ ಫೋನಿಗೆ ತಾಗಿಸಿದಳು.

ಅಂಕೆ ಮೂಡಿತು!

"ಆಯ್ತು!" ಎಂದು ಶಾಫಿ ಕೂಗಿದ್ದು ನೆರೆಮನೆಯವರಿಗೂ ಕೇಳಿಸಿರಬೇಕು. ಮೂಡಿದ್ದನ್ನೆಲ್ಲ ಅಳಿಸಿ ಅವನು ಮೊದಲಿನಿಂದ ಒಂದೊಂದೇ ಅಂಕೆ ಹೇಳಿದ. ಅವಳು ಕಿರುಬೆರಳಲ್ಲೇ ಹತ್ತೂ ಅಂಕೆ ಮುಟ್ಟಿ, ಹಸಿರು ಗುರುತನ್ನೂ ಮುಟ್ಟಿದಳು. ರಿಂಗ್ ಹೋಯಿತು. ಶಾಫಿ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದ.

"ಕಿರುಬೆರಳು ಲೆಕ್ಕಕ್ಕುಂಟಾ? ಅದರಲ್ಲಿ ಯಾರಾದರೂ ಫೋನು ಮಾಡ್ತಾರಾ?" ಗುರುವಪ್ಪ ಅಬ್ಬರಿಸಿದ.

"ಬೆರಳು ಬೆರಳೇ ಅಲ್ವಾ ಗುರುವಪ್ಪಣ್ಣ! ಯಾವ ಬೆರಳು ಅಂತ ಪಂಥದಲ್ಲಿ ಬರೆದಿತ್ತಾ?"

"ಉಳಿದದ್ದು ಯಾವುದೂ ಆಗಲಿಲ್ಲವಲ್ಲ, ಅದಕ್ಕೇನು ಹೇಳ್ತಿ?"

ಅಷ್ಟರಲ್ಲಿ ಫೋನಿನೊಳಗಿಂದ ಹಾರಿಸ್ ಕಿರುಚಿದ. "ಜಗಳ ಆಮೇಲೆ ಮಾಡುವ ಮಾರಾಯ್ರೇ! ಇಲ್ಲಿ ಗುಂಪಿನಲ್ಲಿ ಎಲ್ಲರೂ ಕಾಯ್ತಾ ಇದ್ದಾರೆ, ನಾನು ಏನು ಟೈಪ್ ಮಾಡಲಿ? ಸೋತದ್ದು ಯಾರು?"

ಇಬ್ಬರೂ ಒಟ್ಟಿಗೆ ಬಾಯಿ ತೆರೆದರು. ಅಮ್ಮಣಿ ಕೈ ಅಡ್ಡ ಹಿಡಿದು ಇಬ್ಬರನ್ನೂ ನಿಲ್ಲಿಸಿ, ಗೆರಸೆಯನ್ನು ಮತ್ತೆ ಮಡಿಲಿಗೆಳೆದುಕೊಂಡಳು.

"ಸೋತದ್ದು ಯಾರಂತ ನನಗೆ ಗೊತ್ತಿಲ್ಲ ಮಗಾ. ನನ್ನ ಕೈಯಲ್ಲಿ ಕೆಲಸ ಮಾಡದೆ ಕೂತು ತಿನ್ನುವುದು ಈ ಕಿರುಬೆರಳು ಒಂದೇ. ಈ ಫೋನಿಗೆ ಅದೊಂದರ ಗುರುತು ಮಾತ್ರ ಸಿಕ್ಕಿತು ನೋಡು. ಹಾಗೇ ಬರಿ."