ಕಂಬಳಿವೀರನ ಎಡಗೈ

ದೇಶಪಾಂಡೆ ನಗರದ ಸಭಾಂಗಣದಲ್ಲಿ ನನ್ನ ಸುಳ್ಳು ರಂಗೇರಿದ್ದ ಹೊತ್ತಿಗೆ, ಮೂರನೆಯ ಸಾಲಿನ ಹೆಣ್ಣುಮಗಳೊಬ್ಬರು ಪ್ರಶ್ನೆ ಕೇಳಲು ಎದ್ದು ನಿಂತರು. ನಲವತ್ತು ವರ್ಷಗಳ ಹಿಂದೆ ಮಕ್ಕಳ ಮಾಸಿಕವೊಂದಕ್ಕೆ ನಾನು ಬಿಡಿಸಿದ ಚಿತ್ರಕಥೆಯ ನಾಯಕ ಕಂಬಳಿವೀರ, ಅಂದು ಹೊಸ ಪುಸ್ತಕವಾಗಿ ಬಿಡುಗಡೆಯಾಗಿದ್ದ. ಅವನು ಹುಟ್ಟಿದ ಬಗೆಯನ್ನು ಹೇಳಲು ನನ್ನನ್ನು ಕರೆಸಿದ್ದರು.

ಎಡ ಹೆಗಲಿಂದ ಮೊಣಕಾಲಿನವರೆಗೆ ಕರಿ ಕಂಬಳಿ ಇಳಿಬಿಟ್ಟು, ಬಲಗೈ ಒಂದನ್ನೇ ಚಾಚಿ ಹಾರುವವನು ನಮ್ಮ ಕಂಬಳಿವೀರ. ಎಡಗೈ ಯಾಕೆ ಎಂದೂ ಕಾಣುವುದಿಲ್ಲ? ಬಳಸದೆ ಇಟ್ಟ ಶಕ್ತಿಯೇ ದೊಡ್ಡ ಶಕ್ತಿ ಎಂದು ನಾನು ಗಂಭೀರವಾಗಿ ವಿವರಿಸಿದ್ದೆ. ಚಪ್ಪಾಳೆಯೂ ಬಿದ್ದಿತ್ತು.

ನಿಜ ಬೇರೆ. ನನಗೆ ಎಡಗೈ ಬಿಡಿಸಲು ಬರುತ್ತಿರಲಿಲ್ಲ. ಎಷ್ಟು ತಿದ್ದಿದರೂ ಹೆಬ್ಬೆರಳು ತಪ್ಪು ಕಡೆಗೇ ಬರುತ್ತಿತ್ತು. ಮೊದಲ ಚಿತ್ರ ನೋಡಿದ ನನ್ನ ಹೆಂಡತಿ, ಇವನಿಗೆ ಎರಡೂ ಬಲಗೈ ಇವೆಯಲ್ಲ ಎಂದಳು. ಸಿಟ್ಟಿನಲ್ಲಿ ಒಂದು ಕೈಯ ಮೇಲೆ ಶಾಯಿ ಬಳಿದೆ, ಅದು ಕಂಬಳಿಯಾಯಿತು. ಅವನು ಹಾರತೊಡಗಿದ್ದೂ ನನಗೆ ಸೈಕಲ್ಲು ಬಿಡಿಸಲು ಬಾರದ್ದಕ್ಕೆ. ಇಷ್ಟಾಗಿಯೂ ಧಾರವಾಡದಲ್ಲಿ ಮೂವತ್ತು ವರ್ಷ ಚಿತ್ರಕಲೆಯ ಮಾಸ್ತರನಾಗಿದ್ದೆ. ಈ ಪುಸ್ತಕ ಪ್ರಕಟಿಸಿದ ಪ್ರಾಚಿ ನನ್ನದೇ ಶಿಷ್ಯೆ. ಅವಳು ಮುಖಪುಟದಲ್ಲಿ ಕಂಬಳಿ ಸರಿಸಿ, ಕಂಪ್ಯೂಟರಿನಲ್ಲಿ ಯಾರಿಂದಲೋ ಒಂದು ಭರ್ಜರಿ ಎಡಗೈ ಬರೆಸಿದ್ದಳು. ಗುರುವಿನ ಕೈಯ ಮೇಲೆ ಅವಳಿಗೂ ನಂಬಿಕೆ ಇರಲಿಲ್ಲ.

ಎದ್ದು ನಿಂತವರು ಬೆಂಗೇರಿಯ ಶಾಲೆಯೊಂದರ ಗಣಿತದ ಟೀಚರ್ ಅಬೀದಾ. ಅವರ ಎಡಗೈ ಮೊಣಕೈಯಿಂದ ಮುಂದೆ ಇರಲಿಲ್ಲ. ಹುಟ್ಟಿನಿಂದಲೇ ಹಾಗಂತೆ. ಎಂಟು ವರ್ಷದವರಿದ್ದಾಗ ಕಂಬಳಿವೀರನನ್ನು ಓದಿ, ಅವನಿಗೂ ಒಳಗೆ ಕೈಯಿಲ್ಲ ಎಂದು ನಂಬಿದ್ದರಂತೆ. ನಗುವ ಹುಡುಗಿಯರ ಮುಂದೆ ಅವನ ಚಿತ್ರ ಹಿಡಿದು ಬಾಯಿ ಮುಚ್ಚಿಸುತ್ತಿದ್ದರಂತೆ. ಇಷ್ಟು ಹೇಳಿ ಹೊಸ ಪುಸ್ತಕದ ಮುಖಪುಟ ತೋರಿಸಿದರು.

“ಈ ಕೈ ಮೊದಲಿಂದನೂ ಒಳಗ ಇತ್ತೇನ್ರಿ ಸರ್? ನಾ ನಂಬಿದ್ದು ಖರೇನೋ ಸುಳ್ಳೋ, ಅಷ್ಟ ಹೇಳ್ರಿ.”

ಇರಲಿಲ್ಲ ಎಂದುಬಿಟ್ಟರೆ ಅವರ ನಂಬಿಕೆ ಉಳಿಯುತ್ತಿತ್ತು, ನನಗೂ ಇನ್ನೊಂದು ಚಪ್ಪಾಳೆ ಸಿಗುತ್ತಿತ್ತು. ಚಪ್ಪಾಳೆಯ ಆಸೆ ಆಗಲೂ ಹುಟ್ಟಿತಲ್ಲ ಎಂದು ನನಗೇ ನಾಚಿಕೆಯಾಯಿತು.

“ನಾ ಅದರ ವಿಚಾರನ ಮಾಡಿದ್ದಿಲ್ಲರಿ ಟೀಚರ್,” ಎಂದೆ. “ನನಗ ಎಡಗೈ ತಗೀಲಿಕ್ಕೆ ಬರ್ತಿದ್ದಿಲ್ಲ. ಅದಕ್ಕ ಕಂಬಳಿ ಹೊಚ್ಚಿದೆ.”

ಅಬೀದಾ ಮುಖಪುಟವನ್ನು ತಮ್ಮ ಕಡೆ ತಿರುಗಿಸಿಕೊಂಡರು. “ಹಂಗಾರ ಕೊರತಿ ನಿಮ್ಮದು. ಅವಂದೂ ಅಲ್ಲ, ನಂದೂ ಅಲ್ಲ,” ಎಂದರು. ಸಭೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಅವರು ಮಾತ್ರ ನಗಲಿಲ್ಲ. ನೇರ ವೇದಿಕೆಗೆ ಬಂದು ಪುಸ್ತಕವನ್ನು ನನ್ನ ಮುಂದಿಟ್ಟರು. ಅದು ಸರಿಯದಂತೆ ಎಡ ಮೊಣಕೈ ಊರಿ, ಬಲಗೈಯಿಂದ ಕರಿ ಸ್ಕೆಚ್ ಪೆನ್ನು ಚಾಚಿದರು. ನಾನು ಒಳಪುಟ ತೆರೆದು ಸಹಿ ಮಾಡಲು ಹೊರಟೆ.

“ಸಹಿ ಬ್ಯಾಡ್ರಿ. ಮುಖಪುಟದ ಕೈ ಮ್ಯಾಲ ಕಂಬಳಿ ಹೊಚ್ಚಿ ಕೊಡ್ರಿ. ನಮ್ಮ ಸಾಲ್ಯಾಗ ಮೂರನೇ ಕ್ಲಾಸಿನ್ಯಾಗ ನನ್ನಂಥಾಕಿ ಒಬ್ಬಾಕಿ ಅದಾಳ. ನಾಳೆ ಆಕಿಗೆ ಓದಾಕ ಕೊಡಬೇಕು.”