ಎಡಗಡೆಯ ಸ್ಕ್ರೀನು

ಅನ್ನನೀರು ಎಲ್ಲರಿಗೂ ಸಾಲದೆ, ಊರಿನ ಅರ್ಧ ಜನ ಒಂದು ವರ್ಷ ನಿದ್ರಾಗೃಹದಲ್ಲಿ ಮಲಗುತ್ತಿದ್ದರು, ಮರುವರ್ಷ ಉಳಿದವರು. ಶ್ರೀಕಂಠ ಎದ್ದ ದಿನವೇ ಹೆಂಡತಿ ಹೇಮಲತಾಳ ಸರದಿ. ಸಿಕ್ಕಿದ್ದು ಬಾಗಿಲಲ್ಲಿ ಕೈ ಹಿಡಿಯುವಷ್ಟು ಹೊತ್ತು.

ಊರಿನ ಪಡಿತರ ಲೆಕ್ಕದ ಪ್ರೋಗ್ರಾಮನ್ನು ಗಂಡ ಹೆಂಡತಿ ವರ್ಷಕ್ಕೊಬ್ಬರಂತೆ ಮನೆಯಲ್ಲೇ ನೋಡಿಕೊಳ್ಳುತ್ತಿದ್ದರು. ಮೇಜಿನ ಎಡಕ್ಕೆ ಅವನ ಕುರ್ಚಿ, ಬಲಕ್ಕೆ ಅವಳದು. ಸ್ಕ್ರೀನು ಒಂದೇ, ಎಚ್ಚರವಿದ್ದವರು ತಮ್ಮ ಮುಂದಕ್ಕೆ ಎಳೆದುಕೊಳ್ಳುವುದು.

ಇವತ್ತು ಪ್ರೋಗ್ರಾಮ್ ಶುರುವಾಯಿತು, ಕೆಳಗೆ ಐಕಾನೂ ಬಂತು. ವಿಂಡೋ ಮಾತ್ರ ಎಲ್ಲೂ ಕಾಣಲಿಲ್ಲ. ಆಫೀಸಿನ ರಜಿಯಾಗೆ ಫೋನ್ ಮಾಡಿದ.

“ನೀವು ಮಲಗಿದ್ದಾಗ ಹೇಮಾ ಅವ್ರು ಎಡಗಡೆಗೆ ಇನ್ನೊಂದು ಸ್ಕ್ರೀನ್ ಇಸ್ಕೊಂಡಿದ್ರು, ಮೊನ್ನೆ ವಾಪಸ್ ತಗೊಂಡ್ವಿ. ವಿಂಡೋ ಇನ್ನೂ ಅಲ್ಲೇ ತೆರ್ಕೊಳ್ತಿದೆ. ಅದು ನೆನಪಿಟ್ಕೊಂಡಿರೋ ಹಳೇ ಜಾಗ ಅಳಿಸಿಬಿಡಿ, ಸರಿಹೋಗತ್ತೆ.”

“ಎಡಗಡೆ ನನ್ನ ಕುರ್ಚಿ ಅಲ್ವಾ ಮೇಡಂ?”

“ಹ್ಞೂಂ. ವರ್ಷಪೂರ್ತಿ ಆ ಸ್ಕ್ರೀನನ್ನ ನಿಮ್ಮ ಕುರ್ಚಿ ಮುಂದೇನೇ ಇಟ್ಕೊಂಡಿದ್ರು. ಆ ಕಡೆ ಬೆಳಕಿದ್ರೆ ಯಾರೋ ಕೂತಂಗೆ ಇರತ್ತೆ ಅಂತಿದ್ರು.”

ಅಳಿಸಲು ಅರ್ಧ ನಿಮಿಷ ಸಾಕಿತ್ತು. ಶ್ರೀಕಂಠ ಅಳಿಸಿದ. ವಿಂಡೋ ಬಂದು ಎದುರಿಗೆ ನಿಂತಿತು. ಅವನು ಅದನ್ನು ನೋಡದೆ ಪಕ್ಕದ ಖಾಲಿ ಕುರ್ಚಿಯನ್ನೇ ನೋಡುತ್ತಿದ್ದ.

“ಮೇಡಂ, ಆ ಸ್ಕ್ರೀನ್ ಸ್ಟೋರಲ್ಲೇ ಇದೆಯಾ?”

“ಇದೆ. ಯಾಕೆ, ನಿಮಗೂ ಬೇಕಾ?”

“ಕಳಿಸಿ,” ಎಂದ. “ಈ ವರ್ಷ ಬಲಗಡೆ ಇಡ್ತೀನಿ.”