ಸ್ವಂತ ಮನಸ್ಸಿನಿಂದ

"ಸ್ವಂತ ಮನಸ್ಸಿಂದ ದೀಕ್ಷಾಸ್ನಾನ ತಗೊಳ್ತೀರೇನ್ರಿ?" ವರದಾ ನದಿಯ ಸೊಂಟಮಟ್ಟದ ನೀರಿನಲ್ಲಿ ನಿಂತು ಪಾಸ್ಟರು ಕೇಳಿದರು. ನೀರಿನಲ್ಲಿ ಅವರ ಎದುರು ನಿಂತಿದ್ದ ನಲವತ್ತೆಂಟರ ನೀಲಗಂಗವ್ವ ತಲೆಯ ಮೇಲೆ ಸೆರಗೆಳೆದುಕೊಂಡು, ರೂಢಿಯಂತೆ ಗಂಡನ ಮುಖಕ್ಕಾಗಿ ದಡದತ್ತ ನೋಡಿದಳು. ಅಲ್ಲಿ ಒಣಸೀರೆ ಹಿಡಿದು ನಿಂತಿದ್ದ ಗಂಡ ಶಂಭುಲಿಂಗ, "ಹೌದ್ರಿ, ತಗೊಳ್ತಾಳ್ರಿ" ಎಂದ.

"ಅಣ್ಣಾರ, ಮುಳುಗೋರು ನೀವಲ್ಲ" ಎಂದರು ಪಾಸ್ಟರು. ದಡದ ಹೆಂಗಸರು ನಕ್ಕರು.

ನೀಲಗಂಗವ್ವ ನಗಲಿಲ್ಲ. ಮದುವೆಗೆ ಅಪ್ಪ ಹೂಂ ಅಂದಿದ್ದ. ಆಸ್ಪತ್ರೆಯಲ್ಲಿ ಅವಳ ಆಪರೇಷನ್ನಿಗೆ ಗಂಡ ಸಹಿ ಹಾಕಿದ್ದ. ಈ ಒಂದು ಮಾತಿಗೂ ಅವನೇ ಉತ್ತರ ಕೊಟ್ಟರೆ ತಾನು ಒದ್ದೆಯಾಗುತ್ತೇನೆಯೇ ಹೊರತು ಬೇರೇನೂ ಆಗುವುದಿಲ್ಲ ಎನಿಸಿತು.

ಅವಳು ದಡಕ್ಕೆ ಬೆನ್ನು ಮಾಡಿದಳು. ತಲೆಯ ಸೆರಗು ಜಾರಿ ನೀರಿನ ಮೇಲೆ ಹರಡಿತು, ಹಿಡಿಯಲು ಹೋಗಲಿಲ್ಲ.

"ಇನ್ನೊಮ್ಮೆ ಕೇಳ್ರಿ" ಎಂದಳು.